ಮಕ್ಕಳ ಗೆರೆ ಹಾಕಿದವರು

ಅವರ ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡಿದ್ದು ನಾನೇ. ಅವರ ಅಳಿಯ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದರು. ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿದ ಫೋಟೋ. ಹೆಗಲ ಮೇಲೆ ಯಾರದೋ ಕೈ ಹಾಗೇ ಉಳಿದುಬಿಟ್ಟಿತ್ತು. ಆ ಕೈಯನ್ನು ಅಳಿಸಿ, ಹಿಂದೆ ನೀಲಿ ಆಕಾಶ ಹಾಕಿ, ಕೆಳಗೆ ಎರಡು ದೀಪ ಇಟ್ಟು ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದೆ. ಪುತ್ತೂರಿನಲ್ಲಿ ಯಾರು ತೀರಿಕೊಂಡರೂ ನನಗೆ ಹತ್ತು ನಿಮಿಷದ ಕೆಲಸ. ಲೀಡರುಗಳ ಹುಟ್ಟುಹಬ್ಬ, ಬ್ರಹ್ಮಕಲಶಕ್ಕೆ ಸ್ವಾಗತ, ಉರೂಸು, ಕಬಡ್ಡಿ ಪಂದ್ಯಾಟ, ಸಾವು, ಎಲ್ಲದಕ್ಕೂ ಅದೇ ನೀಲಿ ಆಕಾಶ. ಎಷ್ಟೋ ವರ್ಷದಿಂದ ಇದನ್ನೇ ಮಾಡಿ ಮಾಡಿ ನನಗೆ ಸಾಕಾಗಿದೆ, ಆದರೆ ಬೇರೆ ಏನೂ ಬರುವುದಿಲ್ಲವಲ್ಲ, ಹಾಗಾಗಿ ಮಾಡುತ್ತಿದ್ದೇನೆ.

ಆ ಫ್ಲೆಕ್ಸನ್ನು ಅವರು ನೋಡಿದ್ದರೆ ಖಂಡಿತ ಬೈಯುತ್ತಿದ್ದರು. "ಎಂತ ಮಾರಾಯ ಇದು, ಅಕ್ಷರಗಳೆಲ್ಲ ಬಸ್ಸಿಗೆ ಹತ್ತುವವರ ಹಾಗೆ ಒಂದರ ಮೇಲೊಂದು ಬಿದ್ದಿದ್ದಾವೆ" ಎನ್ನುತ್ತಿದ್ದರು. ಫ್ಲೆಕ್ಸಿನಲ್ಲಿ ಅವರ ಹೆಸರು ದೊಡ್ಡದಾಗಿಯೇ ಇತ್ತು, ಮನೆಯವರು ಹೇಳಿದ ಮೇಲೆ ಹಾಕದೆ ಆಗುತ್ತದೆಯೇ? ಇಲ್ಲಿ ಮಾತ್ರ ನಾನು ಆ ಹೆಸರನ್ನು ಬರೆಯುವುದಿಲ್ಲ. ಅದಕ್ಕೆ ಕಾರಣ ಉಂಟು, ಮುಂದೆ ಹೇಳುತ್ತೇನೆ. ಊರಿನಲ್ಲಿ ಎಲ್ಲರೂ ಅವರನ್ನು ಪೈಂಟರು ಎಂದೇ ಕರೆಯುತ್ತಿದ್ದರು. ನಾನು ಅಣ್ಣ ಎನ್ನುತ್ತಿದ್ದೆ.

ಫ್ಲೆಕ್ಸ್ ಬರುವ ಮೊದಲು ಪುತ್ತೂರು, ಸುಳ್ಯ, ಕಡಬದ ನಡುವೆ ಓದಲಿಕ್ಕೆ ಸಿಗುತ್ತಿದ್ದ ದೊಡ್ಡ ಅಕ್ಷರಗಳಲ್ಲಿ ಅರ್ಧದಷ್ಟು ಅವರ ಕೈಯವು. ಅಂಗಡಿಯ ಬೋರ್ಡು, ಗೊಬ್ಬರದ ಗೋಡೆ ಜಾಹೀರಾತು, ಬಟ್ಟೆಯ ಬ್ಯಾನರು, ಬಸ್ಸಿನ ಹಣೆ. ನಾನು ಡಿಗ್ರಿಯಲ್ಲಿ ಫೇಲಾಗಿ, ಮನೆಯಲ್ಲಿ ಮುಖ ತೋರಿಸಲಾಗದೆ ಅವರ ಹತ್ತಿರ ಸೇರಿದವನು ಹನ್ನೊಂದು ವರ್ಷ ಇದ್ದೆ. ಅಷ್ಟು ವರ್ಷದಲ್ಲಿ ಅವರು ಎರಡು ವಿಷಯ ಕಲಿಸಿದರು. ಒಂದು, ಬಣ್ಣ ಹಚ್ಚುವ ಮೊದಲು ಜಾಗವನ್ನು ಉಜ್ಜಿ ಕ್ಲೀನು ಮಾಡಬೇಕು. ಎರಡನೆಯದು, ಸಾಲು ಸಾಲಿನ ನಡುವಿನ ಜಾಗ ಸಮ ಇರಬೇಕು. ದಾರಕ್ಕೆ ಚಾಕ್ ಪೀಸಿನ ಹುಡಿ ಹಚ್ಚಿ, ಎರಡು ತುದಿ ಎಳೆದು ಹಿಡಿದು ಗೋಡೆಗೆ ಪಟ್ ಎಂದು ಹೊಡೆದು ಗೆರೆ ಬೀಳಿಸುತ್ತಿದ್ದರು. ಆಮೇಲೆ ಹತ್ತು ಹೆಜ್ಜೆ ಹಿಂದೆ ಹೋಗಿ, ಬ್ರಷ್ಷನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

"ಸ್ಕೇಲು ಹೇಳಿದ್ರೆ ಸಾಲುದಿಲ್ಲ. ಕಣ್ಣು ಒಪ್ಪಬೇಕು."

ಈ ಮಾತನ್ನು ದಿನಕ್ಕೆ ಹತ್ತು ಸಲ ಕೇಳಿ ನನಗೆ ಕಿವಿ ತೂತಾಗಿತ್ತು.

ಅವರ ಕಣ್ಣು ಕೆಲಸದ ಹೊರಗೂ ಸುಮ್ಮನಿರುತ್ತಿರಲಿಲ್ಲ. ಬೆಳ್ಳಾರೆಯ ಹೋಟೆಲಿನಲ್ಲಿ ಚಾ ಬರುವವರೆಗೆ ಮೇಜಿನ ಮೇಲಿನ ಗ್ಲಾಸುಗಳನ್ನು ಸಾಲಾಗಿ ಇಡುತ್ತಿದ್ದರು. ಯಾರ ಮನೆಗೆ ಹೋದರೂ ಮೊದಲು ಓರೆಯಾದ ಕ್ಯಾಲೆಂಡರನ್ನು ನೇರ ಮಾಡಿ, ಆಮೇಲೆ ಕುಳಿತುಕೊಳ್ಳುತ್ತಿದ್ದರು. ಒಮ್ಮೆ ಒಂದು ಸಾವಿನ ಮನೆಯಲ್ಲಿ ಹೂವಿನ ಮಾಲೆ ಹಾಕಿದ ಫೋಟೋ ಒಂದು ಬದಿಗೆ ವಾಲಿತ್ತು. ಎಲ್ಲರೂ ಅಳುತ್ತಿದ್ದಾಗ ಇವರು ಎದ್ದು ಹೋಗಿ ಅದನ್ನು ಸರಿ ಮಾಡಿ ಬಂದರು. ನನಗೆ ನಾಚಿಕೆಯಾಯಿತು. ಹೊರಗೆ ಬಂದ ಮೇಲೆ ಕೇಳಿದೆ, "ಅಣ್ಣ, ಅಲ್ಲಿಯೂ ಬೇಕಿತ್ತಾ?"

"ಎಂತ ಮಾಡುದು ಮಾರಾಯ, ಕೈಯೇ ಹೋಯ್ತು" ಎಂದರು. ನಿಜವಾಗಿಯೂ ಅವರಿಗೆ ಗೊತ್ತಾಗುವ ಮೊದಲೇ ಕೈ ಹೋಗಿಬಿಡುತ್ತಿತ್ತು.

ಗುತ್ತಿಗಾರಿನ ಹತ್ತಿರ ಕಾಡಿನ ಬದಿಯಲ್ಲಿ 'ಆನೆಗಳಿವೆ, ಎಚ್ಚರಿಕೆ' ಎಂದು ಒಂದು ಬೋರ್ಡು ಬರೆದಿದ್ದರು. ಎರಡೇ ವಾರಕ್ಕೆ ಆನೆಯೇ ಬಂದು ಅದನ್ನು ದೂಡಿ ಹೋಯಿತಂತೆ. ಬಿದ್ದಿರಲಿಲ್ಲ, ವಾಲಿತ್ತು ಅಷ್ಟೆ. ಅಣ್ಣ ಅದನ್ನು ಬಸ್ಸಿನಲ್ಲಿ ಹೋಗುವಾಗ ಕಂಡರು. ಮರುದಿನ ಅದೊಂದೇ ಕೆಲಸಕ್ಕೆ ಎರಡು ಬಸ್ಸು ಹತ್ತಿ ಹೋಗಿ, ಬೋರ್ಡಿನ ಬುಡಕ್ಕೆ ಕಲ್ಲು ಜಡಿದು ನೆಟ್ಟಗೆ ನಿಲ್ಲಿಸಿ ಬಂದರು. ಅಲ್ಲಿಯ ರಬ್ಬರ್ ಟ್ಯಾಪಿಂಗಿನವರು ಈಗಲೂ ಅದನ್ನು ಹೇಳಿ ನಗುತ್ತಾರೆ.

ಫ್ಲೆಕ್ಸ್ ಮೆಷಿನು ತಂದವನು ನಾನು. ಹನ್ನೊಂದು ವರ್ಷ ಅವರ ಕೈಯಲ್ಲಿ ಕಲಿತು, ಕೊನೆಗೆ ಅವರ ಹೊಟ್ಟೆಯ ಮೇಲೆಯೇ ಕಲ್ಲು ಹಾಕಿದೆ. ಇದನ್ನು ನನಗೆ ಯಾರೂ ಹೇಳಲಿಲ್ಲ, ಅವರಂತೂ ಹೇಳಲೇ ಇಲ್ಲ, ಅದಕ್ಕೇ ನಾನು ಹೇಳಿಕೊಳ್ಳುವುದು. ಅಂಗಡಿಯ ಪೂಜೆಗೆ ಬಿಳಿ ಅಂಗಿ ಹಾಕಿಕೊಂಡು ಬಂದರು. ಮೊದಲ ಬ್ಯಾನರು ಮೆಷಿನಿನಿಂದ ಇಳಿದು ಬರುವುದನ್ನು ಕೈ ಕಟ್ಟಿ ನೋಡುತ್ತ ನಿಂತರು.

"ಇದಕ್ಕೆ ಕೈಸೋಲುದು ಅಂತ ಇಲ್ಲ ಅಲ್ವಾ?"

"ಇಲ್ಲ ಅಣ್ಣ."

"ಒಳ್ಳೆದಾಯ್ತು. ನಂಗೆ ಸಹಾ ಸಾಕಾಗಿತ್ತು" ಎಂದು ಪ್ರಸಾದ ತೆಗೆದುಕೊಂಡು ಹೋದರು. ಆಮೇಲೆ ಗಾಡಿಗಳ ನಂಬರ್ ಪ್ಲೇಟು, ಶಾಲೆಯ ಗೋಡೆಯ ನಕ್ಷೆ, ಬಾವಿಕಟ್ಟೆಯ ಮೇಲೆ ಮನೆಯ ಹೆಸರು, ಹೀಗೆ ಸಿಕ್ಕಿದ್ದನ್ನು ಬರೆದುಕೊಂಡು ವರ್ಷ ಕಳೆದರು. ಮಗಳ ಮದುವೆಯಾಯಿತು, ಹೆಂಡತಿ ತೀರಿಕೊಂಡರು. ನನ್ನ ಅಂಗಡಿಗೆ ವಾರಕ್ಕೊಮ್ಮೆ ಬಂದು ಪೇಪರು ಓದಿ ಹೋಗುತ್ತಿದ್ದರು.

ಅವರನ್ನು ಕುದ್ರಿಗೆ ಕಳಿಸಿದವನೂ ನಾನೇ. ಹೊಳೆಯ ನಡುವಿನ ದ್ವೀಪಕ್ಕೆ ನಮ್ಮ ಕಡೆ ಕುದ್ರು ಎನ್ನುತ್ತಾರೆ. ಕೋಡಿಂಬಾಳ ದಾಟಿ ಸ್ವಲ್ಪ ಆಚೆ ಕುಮಾರಧಾರೆಯ ನಡುವೆ ಅಂಥದ್ದೊಂದು ಉಂಟು. ಏಳು ಮನೆ. ಬೇಸಗೆಯಲ್ಲಿ ಒಂದು ಬದಿಯಿಂದ ಮೊಣಕಾಲು ನೀರಿನಲ್ಲಿ ನಡೆದು ಹೋಗಬಹುದು, ಮಳೆಗಾಲದಲ್ಲಿ ದೋಣಿಯೇ ಗತಿ. ಅಲ್ಲಿ ಒಂದು ಕೋಣೆಯ ಶಾಲೆಯಿತ್ತು, ಮಕ್ಕಳು ಸಾಲದೆ ಮುಚ್ಚಿತ್ತು. ಆ ಕಟ್ಟಡವನ್ನು ಒಂದು ಸಂಸ್ಥೆಯವರು ಹಿಡಿದು, ಕಕ್ಕಸು ಬಚ್ಚಲು ಕಟ್ಟಿಸಿ, ಪ್ರತಿ ಬೇಸಗೆ ಒಬ್ಬ ಕಲಾವಿದರನ್ನು ತಂದು ಎರಡು ತಿಂಗಳು ಕೂರಿಸುತ್ತಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದದ್ದು ಒಬ್ಬರು ಮೇಡಂ. ಒಳ್ಳೆಯವರು, ಆದರೆ ಮಾತು ಜಾಸ್ತಿ.

ಮೊದಲ ವರ್ಷ ಬಂದವರೊಬ್ಬರು ಕುದ್ರಿನ ಮರಗಳಿಗೆಲ್ಲ ಕೆಂಪು ಬಟ್ಟೆ ಸುತ್ತಿದರಂತೆ. ಅವರು ಹೋದ ಮೇಲೆ ಏಳು ಮನೆಯವರೂ ಅದನ್ನು ಬಿಚ್ಚಿ ಒಲೆಯ ಹತ್ತಿರ ಪಾತ್ರೆ ಹಿಡಿಯಲು ಇಟ್ಟುಕೊಂಡರು. ಇನ್ನೊಂದು ವರ್ಷ ಬಂದ ಹುಡುಗಿ ಹೊಳೆಯ ಕೆಸರನ್ನು ನಲವತ್ತು ಬಾಟಲಿಗಳಲ್ಲಿ ತುಂಬಿಸಿಕೊಂಡು ಹೋದಳು. ಕುದ್ರಿನವರು ಯಾರಿಗೂ ಬೇಡ ಎನ್ನಲಿಲ್ಲ. ಬಂದವರಿಗೆ ಗಂಜಿ, ಮೀನು ಕೊಟ್ಟು, ಕೇಳಿದ ಪ್ರಶ್ನೆಗೆಲ್ಲ ಉತ್ತರ ಹೇಳಿ ಕಳಿಸುತ್ತಿದ್ದರು. ಅವರಿಗೂ ಸುಸ್ತಾಗಿರಬೇಕು.

ಮೇಡಂ ಬ್ಯಾನರು ಪ್ರಿಂಟು ಮಾಡಿಸಲು ನನ್ನ ಅಂಗಡಿಗೆ ಬಂದಾಗ, ಗೋಡೆಯಲ್ಲಿ ತೂಗುಹಾಕಿದ್ದ 'ಇಲ್ಲಿ ಉಗುಳಬಾರದು' ಎಂಬ ತಗಡಿನ ಹಲಗೆಯನ್ನು ಬಹಳ ಹೊತ್ತು ನೋಡಿದರು. ಯಾರು ಬರೆದದ್ದು ಎಂದು ಕೇಳಿದರು. ನಾನು ನಂಬರು ಕೊಟ್ಟೆ. ಈ ಸಲ ಊರಿನವರೇ ಒಬ್ಬರು ಬೇಕು ಎಂದು ಅವರು ಹುಡುಕುತ್ತಿದ್ದರಂತೆ.

ಅಣ್ಣ ಮರುದಿನ ಬಂದರು. ಮುಖದಲ್ಲಿ ಗಾಬರಿ.

"ಎಂತ ಮಾರಾಯ ಇದು, ರೆಸಿಡೆನ್ಸಿ ಅಂತೆ. ಲಾಡ್ಜಾ?"

"ಅಲ್ಲ ಅಣ್ಣ. ಎರಡು ತಿಂಗಳು ಅಲ್ಲಿ ಇರುದು. ಊಟ ಅವರದ್ದೇ. ನಿಮಗೆ ಬೇಕಾದ್ದು ಬರೆಯುದು."

"ನನಗೆ ಬೇಕಾದ್ದು ಅಂದ್ರೆ ಎಂತ ಬರೆಯುದು?"

ನಲವತ್ತು ವರ್ಷ ಅವರು ಬೇರೆಯವರು ಹೇಳಿದ್ದನ್ನೇ ಬರೆದವರು. ಬರೆದದ್ದರ ಮೂಲೆಯಲ್ಲಿ ಸಹಿ ಹಾಕಿದವರೂ ಅಲ್ಲ. ಬೇರೆ ಪೈಂಟರುಗಳು ಸಣ್ಣಕ್ಕೆ 'ಆರ್ಟ್ಸ್' ಎಂದು ಹೆಸರು ಸೇರಿಸುತ್ತಿದ್ದಾಗ ಇವರು, "ಅಂಗಡಿ ಅವರದ್ದು, ಅದರಲ್ಲಿ ನನ್ನ ಹೆಸರು ಎಂತಕ್ಕೆ?" ಎನ್ನುತ್ತಿದ್ದರು. ನಾನು ಬಲವಂತ ಮಾಡಿ ಕಳಿಸಿದೆ. ಒಮ್ಮೆಯಾದರೂ ತನ್ನದು ಅಂತ ಒಂದು ಮಾಡಲಿ ಎಂಬ ಆಸೆ ನನಗಿತ್ತು. ಮೆಷಿನು ತಂದ ಪಾಪ ಸ್ವಲ್ಪ ಹಗುರಾಗಲಿ ಎಂಬುದೂ ಇತ್ತು, ಸುಳ್ಳು ಯಾಕೆ ಹೇಳಲಿ.

ಮೊದಲ ತಿಂಗಳು ಅವರು ಏನೂ ಮಾಡಲಿಲ್ಲ. ಶಾಲೆಯ ಜಗಲಿಯಲ್ಲಿ ಕುಳಿತು ಹೊಳೆ ನೋಡಿದರು. ಮೇಡಂ ಕೊಟ್ಟ ಕ್ಯಾನ್ವಾಸಿಗೆ ಧೂಳು ಬಿತ್ತು. ಫೋನು ಮಾಡಿದರೆ, "ಇಲ್ಲಿ ಹೇಳುವವರು ಯಾರೂ ಇಲ್ಲ ಮಾರಾಯ, ಕೈ ಏಳುದೇ ಇಲ್ಲ" ಎನ್ನುತ್ತಿದ್ದರು. ಅಷ್ಟರಲ್ಲಿ ಕುದ್ರಿನವರು ಅವರ ಕೈ ಚಳಕ ತಿಳಿದುಕೊಂಡು ಒಂದೊಂದೇ ಕೆಲಸ ತಂದರು. ದೋಣಿಗೆ ನಂಬರು, ಟ್ರಂಕಿಗೆ ಹೆಸರು, ಗೋಡೆ ಗಡಿಯಾರದ ಮಾಸಿದ ಅಂಕೆ. ಅವರು ಖುಷಿಯಿಂದ ಬರೆದುಕೊಟ್ಟರು. ಕೊನೆಗೆ ಪೂವಕ್ಕ ಬಂದು ಕಲ್ಲಿನ ವಿಷಯ ಹೇಳಿದರು.

ಪೂವಕ್ಕ ಕುದ್ರಿನ ಹಿರಿಯ ಹೆಂಗಸು, ಎಪ್ಪತ್ತು ದಾಟಿದವರು. ಆ ಕಲ್ಲಿನ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕುದ್ರಿನ ಕಡವಿನಲ್ಲಿ, ಎಂದರೆ ದೋಣಿ ಕಟ್ಟುವ ಜಾಗದಲ್ಲಿ, ಆಳೆತ್ತರದ ಒಂದು ಕರಿ ಬಂಡೆ ಉಂಟು. ಅದರಲ್ಲಿ ಮೂರು ಸುಣ್ಣದ ಗೆರೆ. ಘಟ್ಟದಲ್ಲಿ ಮಳೆ ಬಂದು ಹೊಳೆ ಏರುವಾಗ ಏಳು ಮನೆಯವರು ಸರದಿಯಲ್ಲಿ ಆ ಕಲ್ಲನ್ನು ನೋಡುತ್ತಾರೆ. ನೀರು ಕೆಳಗಿನ ಗೆರೆಗೆ ಬಂದರೆ, "ದನಕ್ಕೆ ಮುಟ್ಟಿತು" ಎಂದು ಕೂಗುತ್ತಾರೆ. ಆಗ ದನಗಳನ್ನು ಆಚೆ ದಡಕ್ಕೆ ದಾಟಿಸಬೇಕು. ನಡುವಿನ ಗೆರೆಗೆ ಬಂದರೆ, "ಮಕ್ಕಳಿಗೆ ಮುಟ್ಟಿತು." ಮಕ್ಕಳು, ಮುದುಕರು, ಬಸುರಿಯರು ಹೊರಡಬೇಕು. ಮೇಲಿನದಕ್ಕೆ ಬಂದರೆ, "ದೋಣಿಗೆ ಮುಟ್ಟಿತು." ಅದು ಕೊನೆಯ ದೋಣಿ, ಆಮೇಲೆ ಇಳಿಯುವವರೆಗೆ ಯಾರೂ ಹೊಳೆಗಿಳಿಯುವ ಹಾಗಿಲ್ಲ. ಅಜ್ಜಂದಿರ ಕಾಲದಿಂದ ಹೀಗೆಯೇ. ಮಳೆಗೆ ಮೊದಲು ಒಂದೊಂದು ವರ್ಷ ಒಂದೊಂದು ಮನೆಯವರು ಹಳೆಯ ಗೆರೆಯ ಮೇಲೆಯೇ ಹೊಸ ಸುಣ್ಣ ಎಳೆಯುತ್ತಾರೆ.

"ಸುಣ್ಣ ಒಂದೇ ಮಳೆಗೆ ಹೋಗ್ತದೆ. ನೀವು ಪೈಂಟಿನಲ್ಲಿ ಹಾಕಿ ಕೊಡಿ ಪೈಂಟರೇ, ಗಟ್ಟಿ ಕೂತುಕೊಳ್ಳಲಿ" ಎಂದರಂತೆ ಪೂವಕ್ಕ.

ಅವರು ನನಗೆ ಫೋನು ಮಾಡಿದ ದಿನ ಧ್ವನಿಯೇ ಬೇರೆ ಇತ್ತು. "ಕೆಲಸ ಸಿಕ್ಕಿತು ಮಾರಾಯ! ಹಳದಿ, ಕೆಂಪು, ಕಪ್ಪು, ಎಲ್ಲ ಆಯಿಲ್ ಪೈಂಟು ಬೇಕು. ಒಳ್ಳೆ ಕಂಪೆನಿದು ತಾ." ನಾನು ಡಬ್ಬಗಳನ್ನು ತಲುಪಿಸಿದೆ. ಅವರು ಬಂಡೆಯನ್ನು ತಂತಿ ಬ್ರಷ್ಷಿನಲ್ಲಿ ಮೂರು ದಿನ ಉಜ್ಜಿದರು. ಪಾಚಿ, ಹಳೆಯ ಸುಣ್ಣ, ಎಲ್ಲ ಹೋಯಿತು. ದಾರ ಹೊಡೆದು ಗೆರೆ ಬೀಳಿಸಿದರು. ಒಂದೊಂದು ಗೆರೆಯೂ ಎರಡು ಬೆರಳು ದಪ್ಪ, ಪಕ್ಕದಲ್ಲಿ ದನ, ಮಕ್ಕಳು, ದೋಣಿ ಎಂದು ಅಕ್ಷರ. ಅಕ್ಷರ ಅಂದರೆ ಎಂಥ ಅಕ್ಷರ! ಆಚೆ ದಡದಿಂದಲೇ ಓದಬಹುದಿತ್ತು.

ಮೇ ತಿಂಗಳ ಕೊನೆಗೆ ಎಲ್ಲರಿಗೂ ತೋರಿಸುವ ದಿನ ಇಟ್ಟಿದ್ದರು. ನಾನು ಬ್ಯಾನರು ತೆಗೆದುಕೊಂಡು ಹೋಗಿದ್ದೆ. ಮೇಡಂ ಬಂಡೆಯ ಮುಂದೆ ನಿಂತು ಕಣ್ಣು ತುಂಬಿಸಿಕೊಂಡು ಮಾತಾಡಿದರು. ಇದರ ಸಮತೋಲನ ನೋಡಿ, ಎಂದರು. ಕುದ್ರಿನವರೂ ಚಂದ ಆಗಿದೆ, ಚಂದ ಆಗಿದೆ ಎಂದರು. ಶಾಲು ಹೊದಿಸಿದ ಮೇಲೆ ಮೇಡಂ, "ಸಹಿ ಹಾಕಿ ಸರ್, ಇದು ನಿಮ್ಮ ಕೃತಿ" ಎಂದು ಹಟ ಹಿಡಿದರು. ಅಣ್ಣ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಅವರು ಕುಕ್ಕರಗಾಲಿನಲ್ಲಿ ಕುಳಿತು, ಕೈ ಊರಲು ತುದಿಗೆ ಬಟ್ಟೆ ಸುತ್ತಿದ ತನ್ನ ಹಳೆಯ ಕೋಲನ್ನು ಬಂಡೆಗೆ ಆನಿಸಿ, ಬಲ ಮೂಲೆಯಲ್ಲಿ ತನ್ನ ಹೆಸರು ಬರೆದರು. ಅಷ್ಟು ಸಣ್ಣ ಹೆಸರಿಗೆ ಕಾಲು ಗಂಟೆ ತೆಗೆದುಕೊಂಡರು. ಎದ್ದು ನಿಂತು ಹತ್ತು ಹೆಜ್ಜೆ ಹಿಂದೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಜುಲಾಯಿಯಲ್ಲಿ ತುಳುವರ ಆಟಿ ತಿಂಗಳ ಮಳೆ ಹಿಡಿಯಿತು. ಅಣ್ಣ ಪುತ್ತೂರಿಗೆ ಬಂದು ಒಂದೂವರೆ ತಿಂಗಳಾಗಿತ್ತು. ಒಂದು ಮಧ್ಯಾಹ್ನ ಸುದ್ದಿ ಬಂತು. ಕುದ್ರಿನಿಂದ ಮಕ್ಕಳನ್ನು ದಾಟಿಸುವಾಗ ದೋಣಿ ಕೈತಪ್ಪಿ ಕೆಳಕ್ಕೆ ಹೋಯಿತಂತೆ. ಅದರಲ್ಲಿದ್ದವರು ದೋಣಿ ನಡೆಸುವ ಐತಪ್ಪಣ್ಣ, ಅವನ ಮಗ ಸೇರಿ ನಾಲ್ಕು ಮಕ್ಕಳು, ಪೂವಕ್ಕ. ದಡದ ಒಂದು ಮರ ನೀರಿಗೆ ಬಾಗಿತ್ತು, ದೋಣಿ ಅದರ ಕೊಂಬೆಗೆ ಸಿಕ್ಕಿಕೊಂಡಿತು. ಊರವರು ಹಗ್ಗ ಬಿಟ್ಟು ಎಲ್ಲರನ್ನೂ ಮೇಲೆ ತೆಗೆದರು. ಕೊಂಬೆಗೂ ದೋಣಿಗೂ ನಡುವೆ ಸಿಕ್ಕಿ ಪೂವಕ್ಕನ ತೊಡೆಯ ಮೂಳೆ ಮುರಿಯಿತು. ಇಷ್ಟರಲ್ಲೇ ಉಳಿಯಿತಲ್ಲ ಎಂದು ಎಲ್ಲರೂ ದೇವರಿಗೆ ಕೈಮುಗಿದರು. ಈ ವರ್ಷ ಮಳೆಯೇ ಹಾಗೆ, ಹೊಳೆ ಹೇಳದೆ ಏರಿತು, ಎಂದರು.

ಆ ಸಂಜೆಯೇ ಅಣ್ಣ ಅಂಗಡಿಗೆ ಬಂದರು. ಕೊಡೆ ಇದ್ದೂ ನೆನೆದಿದ್ದರು.

"ಮೇಡಂ ಹತ್ತಿರ ಮೊದಲಿನ ಕಲ್ಲಿನ ಫೋಟೋ ಇತ್ತಲ್ಲ, ನೀನು ಬ್ಯಾನರಿಗೆ ಹಾಕಿದ್ದು? ಅದು ಉಂಟಾ?"

ಇತ್ತು.

"ನಾನು ಬರೆದ ಮೇಲಿನ ಫೋಟೋ ಸಾ ತೆಗಿ. ಎರಡನ್ನೂ ಒಂದರ ಮೇಲೊಂದು ಇಡು."

ಇಟ್ಟೆ. ಬಂಡೆಯ ಅಂಚು ಅಂಚಿಗೆ ಕೂರಿಸಿದೆ. ಕೆಳಗಿನ ಗೆರೆ ಗೆರೆಯ ಮೇಲೆ ಬಂತು. ಮೇಲಿನದೂ ಬಂತು. ನಡುವಿನದು ಬರಲಿಲ್ಲ. ಹಳೆಯ ಸುಣ್ಣದ ಗೆರೆ ಕೆಳಗಿತ್ತು, ಅಣ್ಣ ಹಾಕಿದ್ದು ಅದಕ್ಕಿಂತ ಸುಮಾರು ನಾಲ್ಕು ಬೆರಳು ಮೇಲೆ.

ಹಳೆಯ ಗೆರೆಗಳ ನಡುವಿನ ಜಾಗ ಸಮ ಇರಲಿಲ್ಲ. ಕೆಳಗಿನದಕ್ಕೂ ನಡುವಿನದಕ್ಕೂ ಒಂದು ಗೇಣು, ನಡುವಿನದಕ್ಕೂ ಮೇಲಿನದಕ್ಕೂ ಎರಡು ಗೇಣಿಗೆ ಸ್ವಲ್ಪ ಕಡಿಮೆ. ಅವರು ಅದನ್ನು ಸಮ ಮಾಡಿದ್ದರು. ನೀರು ಆ ನಾಲ್ಕು ಬೆರಳು ಏರುವಷ್ಟು ಹೊತ್ತಿನಲ್ಲಿ ಕುದ್ರಿನ ಹಿಂದಿನ ತೋಡು, ಎಂದರೆ ಸಣ್ಣ ಹಳ್ಳ, ತುಂಬಿ, ಎರಡು ಸೆಳೆತ ಒಂದಕ್ಕೊಂದು ಸೇರಿಬಿಡುತ್ತದೆ. ಅದಕ್ಕೆ ಮೊದಲೇ ಮಕ್ಕಳು ದಾಟಬೇಕು ಎಂದು ಹಿರಿಯರು ಗೆರೆಯನ್ನು ಅಲ್ಲಿ ಇಟ್ಟದ್ದು. ಇದು ನಮಗೆ ಆಮೇಲೆ ತಿಳಿಯಿತು.

ಅಣ್ಣ ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. "ಕಣ್ಣು ಒಪ್ಪಿತ್ತು ಮಾರಾಯ" ಎಂದರು. "ಅದೇ ಆದದ್ದು. ಹಳೆ ಜಾಗಕ್ಕೆ ಚಾಕ್ ಪೀಸಿನಲ್ಲಿ ಗುರ್ತ ಮಾಡಿ ಇಟ್ಟಿದ್ದೆ. ಹಿಂದೆ ಹೋಗಿ ನೋಡುವಾಗ ಓರೆ ಕಂಡಿತು. ಬಂದು ದಾರ ಸ್ವಲ್ಪ ಎತ್ತಿದೆ."

ನಾನು ಆಗ ಹೇಳಿದ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ. "ಯಾರಿಗೂ ಗೊತ್ತಿಲ್ಲ ಅಣ್ಣ. ಮಳೆ ಜಾಸ್ತಿ ಅಂತ ಅವರೇ ಹೇಳ್ತಿದ್ದಾರೆ. ನೀವು ಸುಮ್ಮನೆ ಇರಿ" ಎಂದೆ.

"ಸುಮ್ಮನೆ ಇದ್ರೆ ಇನ್ನೊಂದು ಮಳೆಗೆ ಸಾ ಅದೇ ಗೆರೆ ನೋಡಿ ಹೊರಡುದಲ್ಲವಾ ಆ ಮಕ್ಕಳು?"

ಮರುದಿನ ಬೆಳಿಗ್ಗೆ ಇಬ್ಬರೂ ಪುತ್ತೂರಿನ ಆಸ್ಪತ್ರೆಗೆ ಹೋದೆವು. ಪೂವಕ್ಕನ ಕಾಲಿಗೆ ಭಾರ ಕಟ್ಟಿ ತೂಗುಹಾಕಿದ್ದರು. ಐತಪ್ಪಣ್ಣನೂ ಅಲ್ಲಿದ್ದ. ಅಣ್ಣ ಕುಳಿತುಕೊಳ್ಳಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದರು. ಒಂದನ್ನೂ ಬಿಡಲಿಲ್ಲ, ಒಂದು ನೆಪವನ್ನೂ ಸೇರಿಸಲಿಲ್ಲ.

ಐತಪ್ಪಣ್ಣ ಎದ್ದು ಬಂದ. ಹೊಡೆದೇಬಿಡುತ್ತಾನೆ ಎಂದುಕೊಂಡೆ. "ನಿಮ್ಮ ಚಂದಕ್ಕೆ ನನ್ನ ಮಗ ಹೋಗ್ತಿದ್ದ ಪೈಂಟರೇ" ಎಂದ. ಅಷ್ಟೇ ಹೇಳಿ ಹೊರಗೆ ಹೋದ.

ಪೂವಕ್ಕ ಮಲಗಿದಲ್ಲಿಂದಲೇ ಅಣ್ಣನ ಕಡೆ ಮುಖ ತಿರುಗಿಸಿದರು. ಆಮೇಲೆ ನಿಧಾನಕ್ಕೆ ಹೇಳಿದರು. "ನಾವು ಸಾ ನೋಡಿದ್ದೇವಲ್ಲ. ದಿನಾ ಕಾಣುವ ಗೆರೆ. ಚಂದ ಆಗಿದೆ ಅಂತ ಹೇಳಿದ್ದು ನಾವೇ." ಮತ್ತೆ, "ಈಗ ಹಳೆ ಗೆರೆ ಎಲ್ಲಿತ್ತು ಅಂತ ಯಾರಿಗೆ ಗೊತ್ತುಂಟು?" ಎಂದು ಕೇಳಿದರು.

ನಾನು ಫೋಟೋ ಇದೆ, ಅಳೆದು ಹೇಳಬಹುದು ಎಂದೆ. ಅಣ್ಣ ನನ್ನನ್ನು ತಡೆದರು. ಫೋಟೋ ಓರೆಯಿಂದ ತೆಗೆದದ್ದು, ನಾಲ್ಕು ಬೆರಳೋ ಐದೋ ಖಾತ್ರಿ ಇಲ್ಲ, ಅಂದಾಜಿನಲ್ಲಿ ಇನ್ನೊಂದು ಗೆರೆ ಹಾಕುವುದು ಬೇಡ ಎಂದರು. ಪೂವಕ್ಕ ಅದಕ್ಕೆ ಹೂಂಗುಟ್ಟಿದರು. "ನೀರು ಹಿಂದಿನ ತೋಡಿಗೆ ಇಳಿಯುವಾಗ ಕಲ್ಲಿನಲ್ಲಿ ಎಲ್ಲಿ ಇರ್ತದೆ, ಅದೇ ಮಕ್ಕಳ ಗೆರೆ. ನನ್ನ ಮಾವ ಹೇಳ್ತಿದ್ದದ್ದು ಹಾಗೆ. ಮಳೆ ಬರುವಾಗ ಅಲ್ಲಿ ಕೂತು ನೋಡ್ಬೇಕಷ್ಟೆ."

ಹಾಗೆ ಅವರು ಮತ್ತೆ ಕುದ್ರಿಗೆ ಹೊರಟರು. ಈ ಸಲ ಸಂಸ್ಥೆ ಇಲ್ಲ, ಶಾಲು ಇಲ್ಲ, ಎರಡು ತಿಂಗಳೆಂಬ ಲೆಕ್ಕವೂ ಇಲ್ಲ. ಮಗಳು ಬೇಡ ಎಂದು ಅತ್ತಳು. ಅರುವತ್ತೈದು ದಾಟಿದ ಪ್ರಾಯ, ಕಫದ ದೇಹ. ಅವರು ಒಂದು ಚೀಲದಲ್ಲಿ ಎರಡು ಪಂಚೆ, ಒಂದು ಟಾರ್ಚು, ಚಾಕ್ ಪೀಸಿನ ಡಬ್ಬಿ ಹಾಕಿಕೊಂಡು ಬಸ್ಸು ಹತ್ತಿದರು. ಆಚೆ ದಡದಲ್ಲಿ ಐತಪ್ಪಣ್ಣ ಅವರನ್ನು ದೋಣಿಗೆ ಹತ್ತಿಸಲಿಲ್ಲ. ಬೇರೆಯವರನ್ನು ಕರೆದುಕೊಂಡು ಹೋಗುತ್ತಿದ್ದ, ಇವರ ಕಡೆ ನೋಡುತ್ತಿರಲಿಲ್ಲ. ನಾಲ್ಕು ದಿನ ಅಣ್ಣ ಬೆಳಿಗ್ಗೆ ಬಂದು ಆ ದಡದ ಕಡವಿನಲ್ಲಿ ಕುಳಿತು, ಸಂಜೆ ಕಡಬದಲ್ಲಿ ಗುರ್ತದವರ ಮನೆಗೆ ಹೋಗಿ ಮಲಗುತ್ತಿದ್ದರು. ಐದನೆಯ ದಿನ ಐತಪ್ಪಣ್ಣ ದೋಣಿ ತಂದು ನಿಲ್ಲಿಸಿ, "ಹತ್ತಿ" ಎಂದನಂತೆ. ದಾಟುವವರೆಗೆ ಇನ್ನೊಂದು ಮಾತಿಲ್ಲ.

ಅಲ್ಲಿ ಹೋಗಿ ಅವರು ಮಾಡಿದ ಮೊದಲ ಕೆಲಸ ತನ್ನ ಹೆಸರನ್ನು ಕೆರೆದು ತೆಗೆದದ್ದು. ಆಯಿಲ್ ಪೈಂಟು ಸುಲಭಕ್ಕೆ ಬಿಡುತ್ತದೆಯೇ? ಉಳಿ, ಸುತ್ತಿಗೆ ಹಿಡಿದು ಒಂದು ದಿನ ಕುಟ್ಟಿದರು. ನಡುವಿನ ಗೆರೆಯನ್ನೂ ತೆಗೆದರು. ಅವರು ಕಳಚಿದ ಹೆಸರನ್ನು ನಾನು ಇಲ್ಲಿ ಮತ್ತೆ ಬರೆದರೆ ಸರಿಯಾಗುವುದಿಲ್ಲ.

ಆ ಮಳೆಗಾಲದಲ್ಲಿ ಉಳಿದಷ್ಟು ದಿನ, ಅದರ ಮುಂದಿನ ಮಳೆಗಾಲ ಪೂರ್ತಿ, ಅವರು ಶಾಲೆಯಲ್ಲಿದ್ದರು. ನೀರು ಏರುವ ಸೂಚನೆ ಬಂದರೆ ಕಲ್ಲಿನ ಹತ್ತಿರ ಕೊಡೆ ಹಿಡಿದು ಕುಳಿತುಬಿಡುತ್ತಿದ್ದರು. ನಡುವಿನ ಗೆರೆ ಇಲ್ಲವಲ್ಲ, ಹಾಗಾಗಿ ದನಗಳ ಗೆರೆ ಮುಟ್ಟಿ ಸ್ವಲ್ಪ ಹೊತ್ತಿಗೇ ಅವರೇ ಮನೆಮನೆಗೆ ಹೋಗಿ, "ಮಕ್ಕಳು ಹೊರಡಿ, ಹೊರಡಿ" ಎಂದು ಎಬ್ಬಿಸುತ್ತಿದ್ದರು. ಬೇಗ ಹೊರಡಿಸುತ್ತಾರೆ ಎಂದು ಹೆಂಗಸರು ಗೊಣಗುತ್ತಿದ್ದರು. ಅನ್ನದ ಪಾತ್ರೆ ಇಳಿಸಲಿಕ್ಕೂ ಬಿಡುವುದಿಲ್ಲ ಈ ಪೈಂಟರು, ಎನ್ನುತ್ತಿದ್ದರು. ಮಕ್ಕಳು ಆಚೆ ಸೇರಿದ ಮೇಲೆ ಇವರು ಕುದ್ರಿನ ಹಿಂದೆ ಓಡಿ ತೋಡನ್ನು ನೋಡುವುದು, ತಿರುಗಿ ಓಡಿಬಂದು ಕಲ್ಲಿನಲ್ಲಿ ಚಾಕ್ ಪೀಸಿನ ಗುರ್ತ ಹಾಕುವುದು. ಒಮ್ಮೆ ಹಾಕಿದ ಗುರ್ತವನ್ನು ಮಳೆ ತೊಳೆಯಿತು. ಇನ್ನೊಮ್ಮೆ ಕಾಲು ಜಾರಿ ಬಿದ್ದು ಮೊಣಕೈ ತರಚಿಕೊಂಡರು. ಹೊಳೆ ಅವರು ಬೇಕೆಂದಾಗ ಏರುತ್ತಿರಲಿಲ್ಲ. ಕಾದು ಕಾದು ಕೆಮ್ಮು ಹಿಡಿಯಿತು.

ನಾನು ಒಮ್ಮೆ ಹೋಗಿದ್ದೆ. ಗಂಜಿ ಊಟ ಮಾಡುತ್ತಿದ್ದರು. ಗೋಡೆಯಲ್ಲಿ ಸಂಸ್ಥೆಯವರ ಕ್ಯಾಲೆಂಡರು ಓರೆಯಾಗಿ ನೇತಾಡುತ್ತಿತ್ತು. ಅವರು ಅದಕ್ಕೆ ಎದುರಾಗಿಯೇ ಕುಳಿತಿದ್ದರು.

"ಅಣ್ಣ, ಸಾಕು. ಮನೆಗೆ ಬನ್ನಿ. ನಿಮ್ಮನ್ನು ನೋಡ್ಲಿಕ್ಕೆ ಆಗುದಿಲ್ಲ" ಎಂದೆ. ಅಳು ಬಂದಿತ್ತು.

"ನನಗೆ ಸಾ ಸಾಕಾಗಿದೆ ಮಾರಾಯ. ಭಾರೀ ಸಾಕಾಗಿದೆ" ಎಂದರು. "ಆದ್ರೆ ಇನ್ನು ಒಂದು ನೀರು ಬರ್ಬೇಕು. ಎರಡು ಸಲ ನೋಡಿದ್ದು ಒಂದೇ ಜಾಗಕ್ಕೆ ಬಂತು. ಮೂರನೇದು ಸಾ ಅಲ್ಲಿಗೇ ಬಂದ್ರೆ ಆಯ್ತು."

ಮೂರನೆಯದು ಬಂದದ್ದು ಆಗಸ್ಟಿನ ಕೊನೆಗೆ. ಮಳೆ ಬಿಟ್ಟು ಕಲ್ಲು ಒಣಗಿದ ಮೇಲೆ ಅವರು ಗೆರೆ ಕೊರೆದು ಬಣ್ಣ ತುಂಬಿದರು. ದಾರ ಹೊಡೆಯಲಿಲ್ಲ, ಬರಿಗೈಯಲ್ಲಿ ಎಳೆದರು. ನನ್ನನ್ನು ಕರೆಸಿ ತೋರಿಸಿದರು. ಗೆರೆ ಕೆಳಗಿನದಕ್ಕೆ ಅಂಟಿಕೊಂಡ ಹಾಗಿತ್ತು, ಮೇಲೆ ಖಾಲಿ ಖಾಲಿ ಜಾಗ. ಅವರ ಕೈಯಿಂದ ಬಂದ ಅಷ್ಟು ಓರೆ ಕೆಲಸವನ್ನು ನಾನು ನೋಡಿರಲಿಲ್ಲ.

"ಹೇಗೆ ಉಂಟು?" ಎಂದು ಕೇಳಿದರು.

"ನಿಜ ಹೇಳುದಾ ಅಣ್ಣ? ಚಂದ ಇಲ್ಲ."

"ಇಲ್ಲ ಅಲ್ವಾ?" ಎಂದು ನಕ್ಕರು. ನಕ್ಕು ಕೆಮ್ಮಿದರು. ಸಹಿ ಹಾಕಿ ಅಣ್ಣ, ಈಗ ಹಾಕಬಹುದು ಎಂದೆ. ಬೇಡ ಎಂದು ಕೈಯಾಡಿಸಿ ಬ್ರಷ್ಷನ್ನು ಪಂಚೆಗೆ ಒರೆಸಿಕೊಂಡರು. ಅವತ್ತು ದೋಣಿಯಲ್ಲಿ ಐತಪ್ಪಣ್ಣ ಅವರ ಚೀಲವನ್ನು ತಾನೇ ಎತ್ತಿಟ್ಟ. ಆದರೆ ಮಾತಾಡಿದ್ದು ನಾನು ಕೇಳಲಿಲ್ಲ.

ಆ ಕೆಮ್ಮು ಬಿಡಲೇ ಇಲ್ಲ. ಈ ವರ್ಷ ಬೇಸಗೆ ಶುರುವಾಗುವಾಗ ತೀರಿಕೊಂಡರು. ಕುದ್ರಿನಿಂದ ಪೂವಕ್ಕ ಕೋಲೂರಿಕೊಂಡು ಬಂದಿದ್ದರು. ಐತಪ್ಪಣ್ಣ ಬಂದು ದೂರ ನಿಂತು ಹೋದ. ಬೀದಿಯ ತುದಿಯಲ್ಲಿ ನನ್ನ ಫ್ಲೆಕ್ಸು, ನೀಲಿ ಆಕಾಶ, ಎರಡು ದೀಪ. ಹದಿಮೂರು ದಿನ ಇತ್ತು. ಆಮೇಲೆ ಯಾರೋ ಸೌದೆ ಮುಚ್ಚಲು ಕೊಂಡುಹೋದರು.

ಮೊನ್ನೆ ಆಟಿಯಲ್ಲಿ ಮೂರು ದಿನ ಬಿಡದೆ ಮಳೆ ಹೊಯ್ದಾಗ ಟಿವಿಯಲ್ಲಿ ಕುಮಾರಧಾರೆಯನ್ನು ತೋರಿಸಿದರು. ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಪೂವಕ್ಕನಿಗೆ ಫೋನು ಮಾಡಿದೆ. ಮಳೆಯ ಸದ್ದಿನಲ್ಲಿ ಅವರ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಅದರ ಹಿಂದೆ ಒಬ್ಬ ಗಂಡಸು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ. ಐತಪ್ಪಣ್ಣನ ಸ್ವರ.

"ಪೈಂಟರಿಗೆ ಮುಟ್ಟಿತು! ಹೊರಡಿ! ಪೈಂಟರಿಗೆ ಮುಟ್ಟಿತು!"

"ಎಂತ ಪೂವಕ್ಕ ಅದು? ಎಂತ ಹೇಳುದು ಅವನು?"

"ಮಕ್ಕಳ ಗೆರೆ ಮಾರಾಯ" ಎಂದರು ಪೂವಕ್ಕ. "ಇಲ್ಲಿ ಈಗ ಎಲ್ಲ ಹಾಗೇ ಹೇಳುದು. ಇಡು ಫೋನು, ದೋಣಿ ಬಂತು."